ಜೀಪಿನ ರಿಪೇರಿ ಕೈಪಿಡಿಯನ್ನು ಓದುವ ಕ್ರಮ

ಹಳೆಯ ಜೀಪನ್ನು ಕೊಳ್ಳುವಾಗ ಟಯರು, ಬ್ಯಾಟರಿ, ದಾಖಲೆಪತ್ರ ಎಲ್ಲವನ್ನೂ ನೋಡುವ ಸದಸ್ಯ ಬಾಂಧವರಲ್ಲಿ ಅದರ ಕೈಪಿಡಿಯನ್ನು ಕೇಳುವವರು ಕಡಿಮೆ. ತೋಡಾರಿನಿಂದ ಮೂಡುಬಿದಿರೆಯ ಗ್ಯಾರೇಜು ದೂರವಲ್ಲ, ನಿಜ. ಆದರೆ ಆಟಿಯ ಮಳೆಯ ನಡುವೆ ಮದ್ದು ಬಿಡಲು ಒಂದು ದಿನದ ಬಿಸಿಲು ಸಿಕ್ಕಿದಾಗ ಜೀಪು ಅಂಗಳದಲ್ಲೇ ನಿಂತರೆ, ಮೆಕ್ಯಾನಿಕ್ ಬರುವ ತನಕ ಕೊಳೆರೋಗ ಕಾಯುವುದಿಲ್ಲ.

ವಾಹನದ ಜತೆ ಬರುವ ಸಣ್ಣ ಪುಸ್ತಕ ಚಾಲಕನಿಗಾಗಿ. ಬಿಚ್ಚಿ ಜೋಡಿಸುವ ಕ್ರಮವಿರುವುದು ವರ್ಕ್‌ಶಾಪ್ ಮ್ಯಾನ್ಯುವಲ್‌ನಲ್ಲಿ. ನಮಗೆ ಬೇಕಾದುದು ಅದು. ಇಂಗ್ಲಿಷಿನಲ್ಲಿದೆಯೆಂದು ಹೆದರಬೇಕಾಗಿಲ್ಲ, ಚಿತ್ರವೂ ಅಂಕಿಯೂ ಯಾರಿಗೂ ಅರ್ಥವಾಗುತ್ತವೆ. ಪುಸ್ತಕ ತೆರೆಯುವ ಮೊದಲು ಬಾನೆಟ್ ತೆರೆದು ನೋಡತಕ್ಕದ್ದು. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದಾಗ ಇದ್ದುದು ಪೆಟ್ರೋಲ್ ಎಂಜಿನ್. ಡೀಸೆಲ್ ಬಂದದ್ದು ಅನಂತರ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳೂ ಉಂಟು. ಹೊರಗಿನ ರೂಪ ಒಂದೇ, ಒಳಗಿನ ಲೆಕ್ಕ ಬೇರೆ.

ಕೈಪಿಡಿಯ ಸಾರವಿರುವುದು ಅಂಕಿಗಳಲ್ಲಿ. ವಿಲ್ಲಿಸ್ ಮಾದರಿಯ ಪೆಟ್ರೋಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ಗಿನ ಅಂತರ 0.030 ಇಂಚು, ಅಂದರೆ ಸುಮಾರು 0.76 ಮಿ.ಮೀ.; ಕಾಂಟ್ಯಾಕ್ಟ್ ಪಾಯಿಂಟಿನದು 0.020 ಇಂಚು. ಸಿಲಿಂಡರುಗಳು ಉರಿಯುವ ಕ್ರಮ 1-3-4-2. ಇಷ್ಟು ತಿಳಿದು ಕೈಯಲ್ಲೊಂದು ಫೀಲರ್ ಗೇಜ್ ಇದ್ದರೆ, ತೇವ ಹಿಡಿದು ಸ್ಟಾರ್ಟ್ ಆಗದ ಎಂಜಿನಿನ ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ಒರಸಿ, ವಯರುಗಳನ್ನು ಕ್ರಮ ತಪ್ಪದೆ ಮರಳಿ ಸಿಕ್ಕಿಸುವುದು ಕಷ್ಟವಲ್ಲ. ಡೀಸೆಲಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ಮೊದಲು ನೋಡಬೇಕಾದುದು ಫಿಲ್ಟರಿನ ನೀರು, ಪೈಪಿನ ಗಾಳಿ. ಇನ್ನೊಂದು ಎಚ್ಚರಿಕೆ: ಹಳೆಯ ಪುಸ್ತಕಗಳು ನಟ್ಟು ಬಿಗಿಯುವ ಲೆಕ್ಕವನ್ನು ಫುಟ್-ಪೌಂಡಿನಲ್ಲಿ ಕೊಡುತ್ತವೆ. ಈಗಿನ ಟಾರ್ಕ್ ರೆಂಚಿನ ನ್ಯೂಟನ್-ಮೀಟರಿಗೆ ಅದನ್ನು 1.36ರಿಂದ ಗುಣಿಸಬೇಕು. 60 ಎಂದಿರುವಲ್ಲಿ ಬೇಕಾದುದು 81. 60ಕ್ಕೇ ನಿಲ್ಲಿಸಿದರೆ ಸಡಿಲ.

ಬ್ರೇಕಿನ ಪುಟವನ್ನು ಎರಡು ಸಲ ಓದಬೇಕು. ಗ್ಯಾರೇಜಿನಲ್ಲಿ ಎಲ್ಲರೂ 'ಬ್ರೇಕ್ ಆಯಿಲ್' ಎನ್ನುವುದರಿಂದಲೇ ಅನರ್ಥ. ಅದು ಎಂಜಿನಿಗೆ ಹಾಕುವಂಥ ಎಣ್ಣೆಯಲ್ಲ. ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರುಗಳು ಉಬ್ಬಿ ಬ್ರೇಕ್ ಕೆಡುತ್ತದೆ. ಕೆಲಸದವರನ್ನು ಕೂರಿಸಿಕೊಂಡು ತೋಟದ ಇಳಿಜಾರಿನಲ್ಲಿ ಹೋಗುವಾಗ ಅದು ತಿಳಿದು ಫಲವಿಲ್ಲ. ಕೈಪಿಡಿ ಹೇಳಿದ ದರ್ಜೆಯದನ್ನೇ, ಸೀಲು ಒಡೆಯದ ಡಬ್ಬಿಯಿಂದ ಹಾಕತಕ್ಕದ್ದು. ಅದು ಗಾಳಿಯ ತೇವವನ್ನು ಹೀರುವ ದ್ರವ. ಕಳೆದ ಮಳೆಗಾಲದಲ್ಲಿ ಒಡೆದ ಅರ್ಧ ಡಬ್ಬಿ ಉಪಯೋಗಕ್ಕಿಲ್ಲ. ಮಟ್ಟ ನೋಡುವುದು, ತುಂಬಿಸುವುದು ನಮ್ಮ ಕೆಲಸ. ಮಟ್ಟ ಪುನಃ ಇಳಿದರೆ ಎಲ್ಲೋ ಸೋರುತ್ತಿದೆಯೆಂದು ತಿಳಿದು, ಜೀಪನ್ನು ಕದಲಿಸದೆ ಮೆಕ್ಯಾನಿಕನನ್ನೇ ಕರೆಸಬೇಕು. ಬ್ರೇಕನ್ನೂ ಸ್ಟೇರಿಂಗನ್ನೂ ಪುಸ್ತಕ ನೋಡಿ ಬಿಚ್ಚಿ ಕಲಿಯುವುದು ಬೇಡ.

ಬರೀ ಜಾಕಿನ ಮೇಲೆ ನಿಂತ ವಾಹನದಡಿಗೆ ನುಗ್ಗಬಾರದು, ಸ್ಟ್ಯಾಂಡ್ ಕೊಡಬೇಕು ಎನ್ನುತ್ತದೆ ಕೈಪಿಡಿ. ನಮ್ಮ ಕೈಗೆ ಸಿಗುವುದು ಕೆಂಪುಕಲ್ಲು. ಭಾರಕ್ಕೆ ಅದು ಸೀಳಬಹುದು. ಮಳೆಗಾಲದ ಅಂಗಳದಲ್ಲಿ ಅಡಿಗೆ ದಪ್ಪ ಹಲಗೆ ಇಡದಿದ್ದರೆ ಜಾಕೇ ಹೂತು ವಾಲುತ್ತದೆ.

ಕಂಪೆನಿಯ ಪುಸ್ತಕದಲ್ಲಿ ಹುಡುಕಿದರೂ ಸಿಗದ ಮಾತೊಂದುಂಟು: ಮೈಲುತುತ್ತು ಚೆಲ್ಲಿದ ಜೀಪಿನ ತಳವನ್ನು ಅದೇ ಸಂಜೆ ತೊಳೆಯಬೇಕು. ಅದು ಕಬ್ಬಿಣವನ್ನು ತಿನ್ನುತ್ತದೆ.