ಹಣ್ಣು ಹಾಸಿ, ಹಾಲು ಸುರಿದು: ಮನೆಯಲ್ಲೇ ಕ್ಲಾಫೂಟಿ

ಕಸ್ಟರ್ಡ್ ಅಂದರೆ ನಮ್ಮಲ್ಲಿ ಮದುವೆ ಊಟದ ಕೊನೆಗೆ ಪುಟ್ಟ ಕಪ್ಪಿನಲ್ಲಿ ಬರುವ ಹಳದಿ ಫ್ರೂಟ್ ಸಲಾಡ್. ಅದರಲ್ಲಿ ಮೊಟ್ಟೆಯೇ ಇರುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧದಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಒಗ್ಗದೆಂದು 1837ರಲ್ಲಿ ಕಾರ್ನ್‌ಫ್ಲೋರ್ ಬಳಸಿ ಒಂದು ಪುಡಿ ಮಾಡಿದ. ನಮ್ಮ ಅಂಗಡಿಗಳ ಕಸ್ಟರ್ಡ್ ಪೌಡರ್ ಅದರ ವಂಶದ್ದು. ಅದಕ್ಕಿಂತ ಹಳೆಯದಾದ, ಮೊಟ್ಟೆ ಮತ್ತು ಹಾಲು ಬಿಸಿಗೆ ತಾವಾಗಿಯೇ ಹೆಪ್ಪುಗಟ್ಟುವ ಕಸ್ಟರ್ಡನ್ನು ಮನೆಯಲ್ಲಿ ಮಾಡುವವರು ಕಡಿಮೆ. ಕಷ್ಟವೆಂಬ ಭಯವೇ ಇದಕ್ಕೆ ಕಾರಣವಿರಬೇಕು. ಹಾಗೆ ಹಿಂಜರಿಯುವವರು ಶುರು ಮಾಡಬೇಕಾದದ್ದು ಕ್ಲಾಫೂಟಿಯಿಂದ.

ಇದು ಫ್ರಾನ್ಸಿನ ನಡುಭಾಗದ ಲಿಮೂಸ್ಯಾಂ ಪ್ರಾಂತ್ಯದ ಹಳ್ಳಿ ಮನೆಗಳ ತಿನಿಸು. ಬೆಣ್ಣೆ ಸವರಿದ ಅಗಲ ಪಾತ್ರೆಯಲ್ಲಿ ಕಪ್ಪು ಚೆರ್ರಿಗಳನ್ನು ಹಾಸಿ, ಹಾಲು, ಮೊಟ್ಟೆ, ಸಕ್ಕರೆ, ಸ್ವಲ್ಪ ಮೈದಾ ಕದಡಿದ ನೀರು ಹಿಟ್ಟು ಸುರಿದು ಓವನ್ನಿಗೆ ತಳ್ಳುತ್ತಾರೆ. ಕ್ರೀಮು ಬೇಡ, ಬೇಕಿಂಗ್ ಪೌಡರ್ ಬೇಡ, ಬಿಸಿನೀರಿನ ತಟ್ಟೆಯಲ್ಲಿ ಪಾತ್ರೆ ಇಡುವ ಉಪಚಾರವೂ ಬೇಡ. ಚೆರ್ರಿ ಬಿಟ್ಟು ಬೇರೆ ಹಣ್ಣು ಹಾಕಿದರೆ ಅಲ್ಲಿನ ಸಂಪ್ರದಾಯಸ್ಥರು ಅದನ್ನು ಕ್ಲಾಫೂಟಿ ಅನ್ನುವುದಿಲ್ಲ, ಫ್ಲೋನ್ಯಾರ್ಡ್ ಅನ್ನುತ್ತಾರೆ. ನಾವು ಆ ಮಡಿ ಪಾಲಿಸಬೇಕಿಲ್ಲ.

ಹಿಟ್ಟು ಕಲಸುವುದು ಹತ್ತು ನಿಮಿಷದ ಕೆಲಸ, ಅದರಲ್ಲಿ ಎಡವುವವರು ಅಪರೂಪ. ಕ್ಲಾಫೂಟಿ ಕೆಡುವುದು ಎರಡೇ ಕಾರಣಕ್ಕೆ: ಹಣ್ಣು ಬಿಟ್ಟ ನೀರು, ಇಲ್ಲವೇ ಓವನ್ನಿನಲ್ಲಿ ಅತಿಯಾಗಿ ಬೇಯುವುದು. ಈ ಎರಡರ ಮೇಲೆ ಕಣ್ಣಿಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಬೇಕಾಗುವುದು (ಆರು ಮಂದಿಗೆ)

ಹಣ್ಣು 400 ಗ್ರಾಂ, ಮೊಟ್ಟೆ 3, ಗಟ್ಟಿ ಹಾಲು 300 ಮಿ.ಲೀ.; ಸಕ್ಕರೆ 80 ಗ್ರಾಂ, ಪಾತ್ರೆಗೆ ಉದುರಿಸಲು ಇನ್ನೊಂದು ಚಮಚ; ಮೈದಾ 60 ಗ್ರಾಂ, ಅಂದರೆ ಸುಮಾರು ಅರ್ಧ ಕಪ್; ಕರಗಿಸಿದ ಬೆಣ್ಣೆ 25 ಗ್ರಾಂ; ಚಿಟಿಕೆ ಉಪ್ಪು; ವೆನಿಲಾ ಎಸೆನ್ಸ್ ಒಂದು ಟೀ ಚಮಚ ಅಥವಾ ಒಂದು ನಿಂಬೆಯ ಹಸಿರು ಸಿಪ್ಪೆಯ ತುರಿ.

ಹಾಲಿನಲ್ಲಿ ಜಿಪುಣತನ ಬೇಡ. ಶೇ 6ರಷ್ಟು ಕೊಬ್ಬಿನ ಹಾಲು ಸಿಕ್ಕರೆ ಉತ್ತಮ. ಟೋನ್ಡ್ ಹಾಲಿನಲ್ಲೂ ಆಗುತ್ತದೆ, ಆದರೆ ಬಾಯಲ್ಲಿ ಆ ನುಣುಪು ಬರುವುದಿಲ್ಲ. ಪಾತ್ರೆ ಒಂಬತ್ತು ಇಂಚು ಅಗಲ, ಎರಡು ಇಂಚು ಎತ್ತರದ್ದಿರಲಿ. ಪಿಂಗಾಣಿ ಅಥವಾ ಓವನ್ನಿಗೆ ಇಡಬಹುದಾದ ಗಾಜು ಒಳ್ಳೆಯದು, ಏಕೆಂದರೆ ಅವು ನಿಧಾನವಾಗಿ ಕಾಯುವುದರಿಂದ ಅಂಚು ಅವಸರದಲ್ಲಿ ಬಿರುಸಾಗುವುದಿಲ್ಲ. (ಲಿಮೂಸ್ಯಾಂನ ಮುಖ್ಯ ಪಟ್ಟಣ ಲಿಮೋಜ್ ಪಿಂಗಾಣಿಗೇ ಹೆಸರಾದದ್ದು. ಅಲ್ಲಿನವರಿಗೆ ಪಾತ್ರೆಯ ಚಿಂತೆ ಇದ್ದಿರಲಿಕ್ಕಿಲ್ಲ.) ಅಲ್ಯೂಮಿನಿಯಂ ಕೇಕ್ ಟಿನ್ ಮಾತ್ರ ಇದ್ದರೆ ಐದಾರು ನಿಮಿಷ ಮೊದಲೇ ನೋಡಲು ಶುರು ಮಾಡಿ. ತಳ ಬಿಚ್ಚುವ ಟಿನ್ ಖಂಡಿತ ಬೇಡ, ಹಿಟ್ಟೆಲ್ಲ ಸೋರಿ ಓವನ್ನಿನ ಪಾಲಾಗುತ್ತದೆ.

ಯಾವ ಹಣ್ಣು?

ಕಾಶ್ಮೀರ, ಹಿಮಾಚಲದ ತಾಜಾ ಚೆರ್ರಿ ಮೇ, ಜೂನ್ ಹೊತ್ತಿಗೆ ಬೆಂಗಳೂರು, ಮೈಸೂರಿನ ಹಣ್ಣಿನಂಗಡಿಗಳಿಗೆ ಬರುತ್ತದೆ. ಬೇಕರಿ ಕೇಕಿನ ನೆತ್ತಿಯ ಮೇಲಿನ ಕೆಂಪು ‘ಚೆರ್ರಿ’ಯನ್ನು ಇದಕ್ಕೆ ಬಳಸಬೇಡಿ. ಅದು ಬಹುಪಾಲು ನಮ್ಮದೇ ಕರಂಡೆಕಾಯಿ, ಬಣ್ಣ ಮತ್ತು ಪಾಕದಲ್ಲಿ ಮಿಂದು ಬಂದಿರುತ್ತದೆ.

ಲಿಮೂಸ್ಯಾಂನವರು ಚೆರ್ರಿಯ ಬೀಜ ತೆಗೆಯುವುದಿಲ್ಲ. ಬೀಜದೊಳಗಿನ ತಿರುಳಿಗೆ ಬಾದಾಮಿಯ ಘಮವಿದೆ, ಅದು ಕಸ್ಟರ್ಡಿಗೂ ಇಳಿಯುತ್ತದೆ ಎನ್ನುವುದು ಅವರ ವಾದ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು ಕಾರಣ: ಕುಯ್ಯದ ಹಣ್ಣು ತನ್ನ ರಸವನ್ನು ತನ್ನೊಳಗೇ ಇಟ್ಟುಕೊಂಡು ಬೇಯುತ್ತದೆ, ಸುತ್ತಲಿನ ಕಸ್ಟರ್ಡ್ ನೀರಾಗುವುದಿಲ್ಲ. ಬಡಿಸುವಾಗ ಬೀಜವಿದೆ ಎಂದು ಹೇಳುವುದನ್ನು ಮರೆಯಬೇಡಿ. ಮಕ್ಕಳು, ಹಲ್ಲು ಸೂಕ್ಷ್ಮವಾಗಿರುವ ಹಿರಿಯರು ಇರುವ ಮನೆಯಲ್ಲಿ ಬೀಜ ತೆಗೆಯುವುದೇ ಸರಿ. ಬೀಜವನ್ನು ಒಡೆದು ತಿರುಳು ತಿನ್ನುವ ಸಾಹಸವಂತೂ ಬೇಡ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ.

ಚೆರ್ರಿ ಇಲ್ಲದ ಕಾಲದಲ್ಲಿ ಬೀಜವಿಲ್ಲದ ದ್ರಾಕ್ಷಿಯನ್ನು ಇಡಿಯಾಗಿ ಹಾಕಬಹುದು, ಹೆಚ್ಚುಕಡಿಮೆ ಅದೇ ಗುಣ. ಕಪ್ಪು ದ್ರಾಕ್ಷಿಯಾದರೆ ನೋಟವೂ ಚೆನ್ನ. ಪ್ಲಮ್ಮನ್ನು ಎರಡು ಹೋಳು ಮಾಡಿ, ಕುಯ್ದ ಮುಖ ಮೇಲಕ್ಕಿರುವಂತೆ ಜೋಡಿಸಿ. ಅಂಜೂರಕ್ಕೂ ಇದೇ ಕ್ರಮ. ಶ್ರೀರಂಗಪಟ್ಟಣದ ಗಂಜಾಂಗೆ ಒಂದು ಕಾಲಕ್ಕೆ ಹೆಸರು ತಂದಿದ್ದ ಈ ಹಣ್ಣು ಹಾಲಿನ ಜೊತೆ ಬೇಯಲೆಂದೇ ಹುಟ್ಟಿದಂತಿದೆ. ಮಾವಿನಲ್ಲಿ ಬಾದಾಮಿಯಂಥ ಗಟ್ಟಿ ತಿರುಳಿನ ಜಾತಿ ಬೇಕು. ರಸಪುರಿಯನ್ನು ಹಿಂಡಿ ಸೀಕರಣೆ ಮಾಡಿಕೊಳ್ಳಿ, ಇಲ್ಲಿ ಅದು ಬರೀ ನೀರು. ಮಾವು ಹಾಕಿದಾಗ ಸಕ್ಕರೆಯನ್ನು 60 ಗ್ರಾಂಗೆ ಇಳಿಸಿ. ಸಪೋಟ, ಬಾಳೆ ನೀರು ಬಿಡುವುದಿಲ್ಲ ನಿಜ, ಆದರೆ ಹುಳಿಯೂ ಇಲ್ಲ. ಸಿಹಿ ಕಸ್ಟರ್ಡಿನಲ್ಲಿ ಸಿಹಿ ಹಣ್ಣು ಸಪ್ಪೆಯಾಗಿ ಮುಳುಗಿಹೋಗುತ್ತದೆ. ಹಾಕಲೇಬೇಕೆಂದರೆ ನಿಂಬೆ ಸಿಪ್ಪೆಯ ತುರಿ ಬಿಡಬೇಡಿ.

ಪರಂಗಿ ಬೇಡ. ಹಸಿ ಅನಾನಸ್ ಸಹ ಬೇಡ. ಎರಡರಲ್ಲೂ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿದ್ದು ಹಾಲು ಕಹಿಯಾಗುತ್ತದೆ, ಕಸ್ಟರ್ಡ್ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅನಾನಸ್ಸನ್ನು ಸಕ್ಕರೆಯೊಂದಿಗೆ ಕುದಿಸಿ, ನೀರು ಇಂಗಿಸಿ, ಆರಿಸಿ ಬಳಸಿದರೆ ತೊಂದರೆಯಿಲ್ಲ.

ರಸ ಹೆಚ್ಚಿರುವ ಹಣ್ಣನ್ನು ಕುಯ್ದ ಮೇಲೆ ಒಂದು ಚಮಚ ಸಕ್ಕರೆ ಉದುರಿಸಿ ಅರ್ಧ ಗಂಟೆ ಜರಡಿಯಲ್ಲಿಡಿ. ಕೆಳಗೆ ಇಳಿದ ರಸವನ್ನು ಹಿಟ್ಟಿಗೆ ಸೇರಿಸುವ ಆಸೆ ಬರುತ್ತದೆ, ಸೇರಿಸಬೇಡಿ. ಸಣ್ಣ ಉರಿಯಲ್ಲಿ ಪಾಕ ಬರಿಸಿ ಬಡಿಸುವಾಗ ಮೇಲೆ ಸುರಿಯಿರಿ. ತೊಳೆದ ಹಣ್ಣನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಫ್ರಿಜ್‌ನಲ್ಲಿದ್ದ ಹಣ್ಣಾದರೆ ಒಂದು ಗಂಟೆ ಮೊದಲೇ ಹೊರಗಿಡಿ, ಇಲ್ಲದಿದ್ದರೆ ಅದರ ಸುತ್ತಲಿನ ಹಿಟ್ಟು ಹಸಿಯಾಗಿ ಉಳಿಯುತ್ತದೆ.

ಮಾಡುವ ಬಗೆ

ಹಾಲನ್ನು ಕಾಯಿಸಿ, ಬೆರಳಿಗೆ ಉಗುರು ಬೆಚ್ಚಗಾಗುವಷ್ಟು ಆರಿಸಿ. ಕುದಿಯುವ ಹಾಲು ಹಾಕಿದರೆ ಮೊಟ್ಟೆ ಅಲ್ಲೇ ಬೆಂದು ಚೂರಾಗುತ್ತದೆ.

ಬಟ್ಟಲಿನಲ್ಲಿ ಮೈದಾ, ಸಕ್ಕರೆ, ಉಪ್ಪು ಬೆರೆಸಿ. ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಹಾಕುತ್ತ ಕದಡಿ, ಗಂಟಿಲ್ಲದ ಗಟ್ಟಿ ಹಿಟ್ಟು ಮಾಡಿಕೊಳ್ಳಿ. ಗಂಟು ಒಡೆಯಬೇಕಾದದ್ದು ಈ ಹಂತದಲ್ಲಿ. ಹಾಲು ಬಿದ್ದ ಮೇಲೆ ಅವು ತೇಲಿಕೊಂಡು ಕೈಗೆ ಸಿಗುವುದಿಲ್ಲ. ಈಗ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕಲಸಿ, ಬೆಣ್ಣೆ ಮತ್ತು ವೆನಿಲಾ ಸೇರಿಸಿ. ನೀರು ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾದ ಹದ ಬರಬೇಕು. ಜರಡಿಯಲ್ಲಿ ಸೋಸಿ ಅರ್ಧ ಗಂಟೆ ಮುಚ್ಚಿಡಿ. ಮೈದಾ ಹಾಲನ್ನು ಹೀರಿಕೊಂಡು ಹಿಟ್ಟು ನುಣ್ಣಗಾಗುತ್ತದೆ, ಮೇಲಿನ ನೊರೆಯೂ ಇಳಿಯುತ್ತದೆ. ನೊರೆ ಇಲ್ಲಿ ಶತ್ರು. ಮಿಕ್ಸಿಗೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಬದಲಿಗೆ ಕಸ್ಟರ್ಡಿನ ತುಂಬ ತೂತು ಸಿಗುತ್ತದೆ. ಕೈಯಲ್ಲಿ ಕಡೆಯುವುದೇ ವಾಸಿ.

ಒಟಿಜಿಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸಿ, ಮೇಲಿನ ಮತ್ತು ಕೆಳಗಿನ ಎರಡೂ ಕಡ್ಡಿ ಉರಿಯುವಂತೆ ಇಟ್ಟು 15 ನಿಮಿಷ ಕಾಯಲು ಬಿಡಿ. ಫ್ಯಾನ್ ಇರುವ ಕನ್ವೆಕ್ಷನ್ ಮೈಕ್ರೋವೇವ್ ಆದರೆ 165 ಸಾಕು. ಪಾತ್ರೆಗೆ ಬೆಣ್ಣೆ ಧಾರಾಳವಾಗಿ ಸವರಿ, ಸಕ್ಕರೆ ಉದುರಿಸಿ ಒಮ್ಮೆ ಅಲ್ಲಾಡಿಸಿ. ಹಣ್ಣನ್ನು ಒಂದೇ ಪದರವಾಗಿ ಹಾಸಿ. ಉಳಿದ ಹಣ್ಣು ನಿಮ್ಮ ಬಾಯಿಗೆ. ಎರಡನೇ ಪದರ ಹಾಕಿದರೆ ಅದು ಹಣ್ಣಿನ ಸಾರು. ಹಿಟ್ಟನ್ನು ಮತ್ತೊಮ್ಮೆ ನಿಧಾನಕ್ಕೆ ಕದಡಿ ಪಾತ್ರೆಯ ಅಂಚಿನಿಂದ ಸುರಿಯಿರಿ, ಮೇಲಿನಿಂದ ರಪ್ಪನೆ ಸುರಿದರೆ ಹಣ್ಣೆಲ್ಲ ಒಂದು ಮೂಲೆ ಸೇರುತ್ತದೆ. ಕೆಳಗಿನಿಂದ ಎರಡನೇ ಅಂತಸ್ತಿನಲ್ಲಿಡಿ.

35ರಿಂದ 45 ನಿಮಿಷ ಹಿಡಿಯುತ್ತದೆ. ಮೊದಲ 25 ನಿಮಿಷ ಬಾಗಿಲು ತೆರೆಯಬೇಡಿ.

ಆಯಿತೆಂದು ತಿಳಿಯುವುದು ಹೇಗೆ

ಅಂಚು ಉಬ್ಬಿ ಕಂದುಬಣ್ಣಕ್ಕೆ ತಿರುಗಿರಬೇಕು. ಪಾತ್ರೆಯನ್ನು ಮೆಲ್ಲಗೆ ತಟ್ಟಿದರೆ ನಡುಭಾಗ ಗಿಣ್ಣಿನ ಹಾಗೆ ಒಟ್ಟಾಗಿ ಅದುರಬೇಕು. ನೀರಿನಂತೆ ಅಲೆ ಎದ್ದರೆ ಇನ್ನೂ ಐದು ನಿಮಿಷ ಬೇಕು. ಅಂಚಿನಿಂದ ಎರಡು ಇಂಚು ಒಳಗೆ ಚಾಕು ಚುಚ್ಚಿ ತೆಗೆದಾಗ ಹಿಟ್ಟು ಅಂಟಿರಬಾರದು. ಕೇಕಿನ ಅಭ್ಯಾಸದಂತೆ ನಟ್ಟನಡುವೆ ಚುಚ್ಚಿ, ಅಲ್ಲೂ ಒಣಗುವವರೆಗೆ ಕಾದರೆ ಕೆಟ್ಟಿತೆಂದೇ ಲೆಕ್ಕ. ಹೊರಗೆ ತೆಗೆದ ಮೇಲೂ ಪಾತ್ರೆಯ ಕಾವಿನಲ್ಲಿ ನಡುಭಾಗ ಬೇಯುತ್ತಲೇ ಇರುತ್ತದೆ.

ಹಾಲು, ಸಕ್ಕರೆಯೊಂದಿಗೆ ಬೆರೆತ ಮೊಟ್ಟೆ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಅದನ್ನು ಮೀರಿ ಕಾವು ಏರುತ್ತಲೇ ಹೋದರೆ ಪ್ರೋಟೀನಿನ ಜಾಲ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಒಡೆದ ಹಾಲಿನಂಥ ಕಸ್ಟರ್ಡ್, ತಳದಲ್ಲಿ ನಿಂತ ನೀರು ಇದರದೇ ಫಲ. ಕ್ಲಾಫೂಟಿಯಲ್ಲಿರುವ ಮೈದಾ ಈ ಬಿಗಿತವನ್ನು ಸ್ವಲ್ಪ ತಡೆಯುತ್ತದೆ. ಹೊಸಬರಿಗೆ ಇದನ್ನೇ ಶಿಫಾರಸು ಮಾಡುವುದು ಆ ರಿಯಾಯಿತಿಯ ಸಲುವಾಗಿ. ಮೊಟ್ಟೆ ವಾಸನೆಯ ದೂರಿಗೂ ಉತ್ತರ ಇಲ್ಲಿದೆ. ಅತಿಯಾಗಿ ಬೆಂದ ಬಿಳಿಭಾಗದಿಂದ ಗಂಧಕದ ವಾಸನೆ ಏಳುತ್ತದೆ. ಎಸೆನ್ಸ್ ಸುರಿಯುವುದಕ್ಕಿಂತ ಐದು ನಿಮಿಷ ಮೊದಲು ಹೊರತೆಗೆಯುವುದು ಅದಕ್ಕೆ ತಕ್ಕ ಮದ್ದು.

ಹೊರಬಂದ ಕೂಡಲೇ ಉಬ್ಬಿದ್ದು ಕುಸಿಯುತ್ತದೆ. ಅದು ಅದರ ಸ್ವಭಾವ, ನಿಮ್ಮ ತಪ್ಪಲ್ಲ.

ಓವನ್ ಇಲ್ಲದವರಿಗೆ

ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡಿ. ಆಮೇಲೆ ಉರಿ ತಗ್ಗಿಸಿ ಕ್ಲಾಫೂಟಿಯ ಪಾತ್ರೆಯನ್ನು ಒಳಗಿಡಿ. ಗಾಜು, ಪಿಂಗಾಣಿ ಇಲ್ಲಿ ಬೇಡ, ಲೋಹದ್ದೇ ಇರಲಿ. ಮುಚ್ಚಳದ ಒಳಗೆ ಸೇರುವ ಹಬೆ ಹನಿಯಾಗಿ ಬೀಳುತ್ತದೆ, ಆಗಾಗ ಒರೆಸಬೇಕು. 45 ನಿಮಿಷದ ಮೇಲೆ ಬೇಕಾದೀತು. ಮೇಲ್ಮೈ ಪೇಲವವಾಗಿಯೇ ಇರುತ್ತದೆ, ರುಚಿಗೆ ಅಷ್ಟೇನೂ ಕೊರತೆಯಿಲ್ಲ.

ಮೊಟ್ಟೆ ತಿನ್ನದವರು ಈ ಪಟ್ಟಿಯಿಂದ ಮೊಟ್ಟೆ ಕಳೆದು ಇನ್ನೇನೋ ಕೂಡಿಸುವ ಬದಲು ಬೇರೆ ದಾರಿಯನ್ನೇ ಹಿಡಿಯುವುದು ಲೇಸು. ಬಂಗಾಳದ ಭಾಪಾ ದೋಯಿ ಇದೆ: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಮತ್ತು ಕಂಡೆನ್ಸ್ಡ್ ಮಿಲ್ಕ್ ಸಮಸಮ ಬೆರೆಸಿ, ಮುಚ್ಚಿ, ಇಡ್ಲಿ ಪಾತ್ರೆಯ ಹಬೆಯಲ್ಲಿ 25–30 ನಿಮಿಷ ಇಟ್ಟರೆ ಸೊಗಸಾಗಿ ಗಟ್ಟಿಯಾಗುತ್ತದೆ. ಹಣ್ಣನ್ನು ಮಾತ್ರ ತಣ್ಣಗಾದ ಮೇಲೆ ಹಾಕಿ.

ಕ್ಲಾಫೂಟಿಯನ್ನು ಬಿಸಿಬಿಸಿ ಕತ್ತರಿಸಬೇಡಿ. ಅರ್ಧ ಗಂಟೆ ಬಿಟ್ಟು, ಬೆಚ್ಚಗಿರುವಾಗ, ಸಕ್ಕರೆ ಪುಡಿ ಉದುರಿಸಿ ಪಾತ್ರೆಯಿಂದಲೇ ತುಂಡು ಮಾಡಿ ಬಡಿಸಿ. ಮಗುಚಿ ತೆಗೆಯುವ ತಿನಿಸಲ್ಲ ಇದು. ಮಿಕ್ಕರೆ ಮುಚ್ಚಿ ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ತಣ್ಣಗೇ ತಿನ್ನಿ, ಇಲ್ಲವೇ 150 ಡಿಗ್ರಿಯಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ. ಗಾಜು, ಪಿಂಗಾಣಿಯ ಪಾತ್ರೆ ಫ್ರಿಜ್‌ನಿಂದ ನೇರ ಕಾದ ಓವನ್ನಿಗೆ ಹೋದರೆ ಬಿರಿಯಬಹುದು, ಸ್ವಲ್ಪ ಹೊತ್ತು ಹೊರಗಿರಲಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಕರಗಿದಾಗ ಹಣ್ಣೂ ಕಸ್ಟರ್ಡೂ ಒಟ್ಟಿಗೇ ನೀರು ಬಿಡುತ್ತವೆ.