ಅಂಬಲಿಗೆ ಮುಚ್ಚಳ ಬಿಗಿದ ರಾತ್ರಿ

ಶನಿವಾರ ರಾತ್ರಿ ಎರಡು ಗಂಟೆ ಇದ್ದೀತು. ಅಡಿಗೆಮನೆಯೊಳಗೆ ಏನೋ ಸಿಡಿದ ಸದ್ದಾಯಿತು. ಸಿಲಿಂಡರೇ ಇರಬೇಕೆಂದು ಎದೆ ಧಸಕ್ಕೆಂದಿತು. ಲೈಟು ಹಾಕಿ ನೋಡಿದರೆ ಜೋಳದ ಚೀಲದ ಪಕ್ಕ ನೆಲವೆಲ್ಲ ನೊರೆ, ನೊರೆಯ ತುಂಬ ಗಾಜಿನ ಚೂರು. ಗೋಡೆಗೆ ಆಳೆತ್ತರ ಅಂಬಲಿ ಚಿಮ್ಮಿತ್ತು. ಮಗನಿಗೆ ಒಯ್ಯಲೆಂದು ಶುಕ್ರವಾರ ಸಂಜೆ ತುಂಬಿಸಿಟ್ಟ ನಾಲ್ಕು ಬಾಟಲಿಗಳಲ್ಲಿ ಒಂದು ಒಡೆದಿತ್ತು. ಬೇಸಿಗೆಯಲ್ಲಿ ನಮ್ಮ ಅತ್ತೆ ತಂಪೆಂದು ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಅವತ್ತು ಸೆಕೆ ತಾಳಲಾರದೆ ಅಂಗಳಕ್ಕೆ ಹೋಗಿದ್ದರು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ನಮ್ಮದು ಬಾಗಲವಾಡ. ಎರೆಹೊಲದ ಹಿಂಗಾರಿ ಬಿಳಿಜೋಳ ಉಂಡು ಬೆಳೆದ ಮಂದಿ ನಾವು. ಕಾಲುವೆ ನೀರು ಬಂದ ಮೇಲೆ ನೆಲ್ಲು, ಹತ್ತಿ, ಮೆಣಸಿನಕಾಯಿ ಹೆಚ್ಚಾದವು, ಅನ್ನವೂ ಹೆಚ್ಚಾಯಿತು. ಆದರೂ ಬಿಸಿಲು ಏರಿದರೆ ನಾಲಿಗೆ ಕೇಳುವುದು ಅಂಬಲಿಯನ್ನೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ರಾಯಚೂರು ಜಿಲ್ಲೆಗೆ ಹೊಸದಲ್ಲ. ಆ ಬಿಸಿಲಿಗೆ ಹೊಲದಿಂದ ಬಂದವರಿಗೆ ಒಂದು ಚರಿಗೆ ಅಂಬಲಿ ಕೊಟ್ಟರೆ ಜೀವ ಬಂದಂತಾಗುತ್ತದೆ.

ಮಗ ರಾಯಚೂರಲ್ಲಿ ಖೋಲಿ ಮಾಡಿಕೊಂಡು ಓದುತ್ತಾನೆ. “ಅವ್ವಾ, ಇಲ್ಲಿ ಎಲ್ಲಾ ಸಿಗತೈತಿ, ಮನಿ ಅಂಬಲಿ ಒಂದು ಸಿಗಂಗಿಲ್ಲ” ಎಂದು ಫೋನಿನಲ್ಲಿ ಅಂದ. ಭಾನುವಾರ ಬಸ್ಸಿಗೆ ಹೋಗುವುದೆಂದು ನಿಶ್ಚಯ ಮಾಡಿದೆ. ಸಿರವಾರ, ಕಲ್ಲೂರು ದಾಟಿ ಹೋಗಬೇಕು, ಡಬ್ಬಿಯಲ್ಲಿ ಒಯ್ದರೆ ಚೆಲ್ಲುತ್ತದೆ, ಅದಕ್ಕೇ ಬಾಟಲಿ. ಶರಬತ್ತು ತಂದಿದ್ದ ಗಾಜಿನ ಬಾಟಲಿಗಳು ಅಟ್ಟದ ಮೇಲಿದ್ದವು. ತಿರುಗಿಸಿ ಹಾಕುವ ತಗಡಿನ ಮುಚ್ಚಳ ಗಟ್ಟಿಯಾಗಿಯೇ ಇತ್ತು.

ಅಂಬಲಿ ಮಾಡಿದ್ದು ದಿನದ ಪದ್ಧತಿಯಂತೆಯೇ. ಗುರುವಾರ ರಾತ್ರಿ ಒಂದು ಬಟ್ಟಲು ಜೋಳದ ಹಿಟ್ಟನ್ನು ನಾಲ್ಕು ಬಟ್ಟಲು ನೀರಲ್ಲಿ ಕದಡಿ, ಹಳೇ ಅಂಬಲಿ ಎರಡು ಸೌಟು ಸೇರಿಸಿ, ಗಡಿಗೆಯಲ್ಲಿ ಹುಳಿಗೆ ಬಿಟ್ಟೆ. ಮರುದಿನ ಎಸರಿಟ್ಟು, ಗಂಟಾಗದಂತೆ ಕೈಬಿಡದೆ ತಿರುವುತ್ತ ಕುದಿಸಿದೆ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆದರೆ ಮಗನಿಗೆ ಚಿಕ್ಕಂದಿನಿಂದ ಬೆಲ್ಲದ ರುಚಿ ಬೇಕು. ಉಪ್ಪಿನದು ಎರಡು ಬಾಟಲಿ ತುಂಬಿಸಿ, ಉಳಿದೆರಡಕ್ಕೆ ಒಂದೊಂದು ದೊಡ್ಡ ಹೆಂಟೆ ಬೆಲ್ಲ ಕರಗಿಸಿದೆ. ದಾರಿಯಲ್ಲಿ ಕುಲುಕಬಾರದೆಂದು ಕಂಠಮಟ್ಟ ತುಂಬಿ ಮುಚ್ಚಳ ಬಿಗಿದೆ. ಅತ್ತೆ ಹೊಸ್ತಿಲ ಮೇಲೆ ಕುಂತು ನೋಡುತ್ತಿದ್ದರು. “ಹುಳಿ ಹಿಡದದ್ದಕ್ಕ ಉಸುರಾಡಾಕ ಜಾಗ ಬಿಡಬೇಕವ್ವ” ಅಂದರು. ಹೂಂ ಅಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಒಡೆದದ್ದು ಬೆಲ್ಲದ ಬಾಟಲಿಗಳಲ್ಲೊಂದು.

ಉಳಿದ ಮೂರನ್ನು ಎತ್ತಿ ಹೊರಗಿಡಲು ಹೊರಟವಳನ್ನು ಅತ್ತೆಯೇ ತಡೆದರು. ತೋಯಿಸಿದ ಗೋಣಿಚೀಲ ಎರಡು ಮಡಿಕೆ ಮಾಡಿ ದೂರದಿಂದ ಮೇಲೆ ಹೊದಿಸಿ, ಬಾಗಿಲು ಹಾಕಿಕೊಂಡು ಬಂದೆವು. ಬೆಳಗಾದ ಮೇಲೆ ಪಕ್ಕದ ಮನೆ ಕಾಕಾ ಬಂದರು. ಅವರ ತಂದೆ ಹಳ್ಳದ ದಂಡೆಯ ಈಚಲು ಮರದಿಂದ ಸೇಂದಿ ಇಳಿಸುತ್ತಿದ್ದವರು. ಈಗ ನಮ್ಮ ಸೀಮೆಯಲ್ಲಿ ಆ ಕಸುಬಿಲ್ಲ, ಆದರೆ ಹುಳಿಯುವ ವಸ್ತುವಿನ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದು ಅವರ ಕೈಯಲ್ಲಿ ಉಳಿದಿದೆ.

ಅವರು ಕೌದಿಯನ್ನು ಕೈಗೆ ಸುತ್ತಿಕೊಂಡು, ಮುಖ ಆಚೆ ಮಾಡಿ, ಗೋಣಿಚೀಲದ ಮೇಲಿಂದಲೇ ಬೆಲ್ಲದ ಬಾಟಲಿಯ ಕುತ್ತಿಗೆ ಹಿಡಿದರು. ಮುಚ್ಚಳವನ್ನು ಪೂರ್ತಿ ತಿರುಗಿಸಲಿಲ್ಲ. ಕೂದಲೆಳೆಯಷ್ಟು ಸಡಿಲಿಸಿದರು. ಸುಯ್ ಎಂದು ಗಾಳಿ ಹೊರಟಿತು, ಹಿಂದೆಯೇ ನೊರೆ ಏರಿತು. ಕೂಡಲೇ ಮತ್ತೆ ಬಿಗಿದರು. ನೊರೆ ಇಳಿಯುವ ತನಕ ಕಾದು, ಮತ್ತೆ ಅಷ್ಟೇ ಸಡಿಲಿಸಿದರು. ಹೀಗೆ ಏಳೆಂಟು ಸಲ. ಒಂದು ಬಾಟಲಿಗೆ ಕಾಲು ತಾಸು ಹಿಡಿಯಿತು. “ಸೇಂದಿ ಗಡಿಗಿ ಬಾಯಿ ನಮ್ಮಪ್ಪ ಎಂದೂ ಬಿಗದು ಕಟ್ಟಲಿಲ್ಲ ತಂಗಿ” ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು.

ಮಗ ವಿಜ್ಞಾನ ಓದುವವನು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಕಾರಣ ಬಿಡಿಸಿ ಹೇಳಿದ. ಹಾಲು ಹುಳಿಯಾಗುವುದು ಕಣ್ಣಿಗೆ ಕಾಣದ ಜೀವಿಗಳ ಕೆಲಸ ಎಂದು ಲೂಯಿ ಪಾಶ್ಚರ್ 1857ರಲ್ಲೇ ತೋರಿಸಿದ್ದಾನಂತೆ. ನಾನು ಹಿಟ್ಟನ್ನು ಕುದಿಸಿದಾಗ ರಾತ್ರಿ ಬೆಳೆದ ಜೀವಿಗಳು ಬಹುಪಾಲು ಸತ್ತಿದ್ದವು. ಆರಿದ ಮೇಲೆ ಮಜ್ಜಿಗೆ ಹಾಕಿ ಹೊಸ ಸಂಸಾರವನ್ನೇ ಒಳಗೆ ಬಿಟ್ಟೆ. ಮನೆ ಮಜ್ಜಿಗೆಯಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಇರುತ್ತವೆ, ಜೊತೆಗೆ ಯೀಸ್ಟೂ ಇರುತ್ತದೆ. ಯೀಸ್ಟಿಗೆ ಬೆಲ್ಲ ಸಿಕ್ಕರೆ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಲೆಕ್ಕ ಕೇಳಿ ನನಗೆ ಬೆವರಿತು: 4 ಗ್ರಾಂ ಸಕ್ಕರೆ, ಅಂದರೆ ಒಂದು ಸಣ್ಣ ಚಮಚ, ಪೂರ್ತಿ ಹುದುಗಿದರೆ ಸುಮಾರು ಒಂದು ಲೀಟರ್ ಗಾಳಿಯಾಗುತ್ತದೆ. ನನ್ನ ಹೆಂಟೆಯಲ್ಲಿ ಅಂಥ ಎಷ್ಟು ಚಮಚಗಳಿದ್ದವೋ. ಮೇಲಿನ ಖಾಲಿ ಜಾಗವನ್ನೂ ನಾನು ಬಿಟ್ಟಿರಲಿಲ್ಲ.

ಸೇಬಿನ ರಸ ಹುದುಗಿಸಿ ಸೈಡರ್ ಮಾಡುವ ಇಂಗ್ಲೆಂಡಿನ ಮನೆಗಳಲ್ಲೂ ಇದೇ ಅಪಾಯವಂತೆ. ಸಿಹಿ ತೀರುವ ಮುಂಚೆ ಬಾಟಲಿಗೆ ಹಾಕಿದರೆ ಗಾಜು ತಾಳುವುದಿಲ್ಲ. ಫ್ರಾನ್ಸಿನ ಶಾಂಪೇನ್ ನೆಲಮಾಳಿಗೆಗಳಲ್ಲಿ ಹಿಂದೆ ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಂಡೇ ಓಡಾಡುತ್ತಿದ್ದರಂತೆ. ನಮ್ಮ ಜಾತ್ರೆಯ ಗೋಲಿಸೋಡಾ ಬಾಟಲಿ ಅಷ್ಟು ದಪ್ಪ ಏಕೆಂದು ನನಗೆ ತಿಳಿದದ್ದು ಆಗಲೇ. 1872ರಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲೆಂಡಿನವನು ಅದಕ್ಕೆ ಪೇಟೆಂಟ್ ಪಡೆದ. ಒಳಗಿನ ಗಾಳಿಯೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಬಾಯಿ ಮುಚ್ಚುತ್ತದೆ. ಶರಬತ್ತಿನ ಬಾಟಲಿಯ ಗಾಜು ಅಂಥ ಒತ್ತಡಕ್ಕೆಂದು ಮಾಡಿದ್ದೇ ಅಲ್ಲ.

ಗಾಜನ್ನು ಅವತ್ತೇ ಬಿಟ್ಟೆ. ಈಗ ಸೋಡಾದ ಪ್ಲಾಸ್ಟಿಕ್ ಬಾಟಲಿ ಮಾತ್ರ, ತಳದಲ್ಲಿ ಐದು ಪಾದದಂಥ ಉಬ್ಬು ಇರುತ್ತದಲ್ಲ, ಅದು. ಕುಡಿಯುವ ನೀರಿನ ತೆಳು ಬಾಟಲಿ ಆಗುವುದಿಲ್ಲ. ಮೇಲೆ ನಾಲ್ಕು ಬೆರಳು ಖಾಲಿ ಬಿಡುತ್ತೇನೆ. ಪ್ಲಾಸ್ಟಿಕ್ಕಿನ ದೊಡ್ಡ ಉಪಕಾರವೆಂದರೆ ಒಳಗಿನ ಸುದ್ದಿಯನ್ನು ಅದು ಕೈಗೆ ಹೇಳುತ್ತದೆ. ಒತ್ತಿದರೆ ತಗ್ಗಬೇಕು. ಕಲ್ಲಿನಂತಾಗಿದ್ದರೆ ಕಾಕಾನಂತೆ ಸಡಿಲಿಸಿ ಗಾಳಿ ಬಿಡಬೇಕು. ಗಾಜು ಒಡೆಯುವ ಗಳಿಗೆಯವರೆಗೂ ಏನೂ ಹೇಳುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಜ್ಜಿಗೆಯನ್ನೂ ಅಂಬಲಿಯನ್ನೂ ಬೇರೆ ಬೇರೆ ಒಯ್ಯುತ್ತೇನೆ. ಹುಳಿ ಚೆನ್ನಾಗಿ ಬಂದ ಅಂಬಲಿಯನ್ನು ಹೊರಡುವ ದಿನ ಬೆಳಿಗ್ಗೆಯೇ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಲಾಳಿಕೆಯಿಂದ ತುಂಬುತ್ತೇನೆ. ಸೋಸದಿದ್ದರೆ ಬಾಟಲಿಯ ಕುತ್ತಿಗೆಯಲ್ಲೇ ಕಟ್ಟಿಕೊಳ್ಳುತ್ತದೆ. ಮಜ್ಜಿಗೆ ಇನ್ನೊಂದು ಬಾಟಲಿಯಲ್ಲಿ, ಬೆಲ್ಲ ಕಾಗದದ ಪೊಟ್ಟಣದಲ್ಲಿ. ಖೋಲಿಗೆ ಹೋದ ಮೇಲೆ ಕೂಡಿಸಿ, ಅವತ್ತೇ ಕುಡಿದು ಮುಗಿಸಬೇಕು. ನಾಳೆಗೆ ಇಡುವ ಆಸೆ ಬೇಡ ಎಂದು ಮಗನಿಗೆ ಪ್ರತಿ ಸಲ ಹೇಳುತ್ತೇನೆ. ಶುಕ್ರವಾರ ಮಾಡಿ ಭಾನುವಾರ ಒಯ್ಯುವೆನೆಂದುಕೊಂಡದ್ದೇ ನನ್ನ ಮೊದಲ ತಪ್ಪು, ಬಾಟಲಿಯದು ಆಮೇಲಿನ ಮಾತು.

ಒಂದು ಮಾತು ಮುಚ್ಚಿಡಬಾರದು. ಆ ಭಾನುವಾರ ಕಾಕಾ ಗಾಳಿ ಬಿಡಿಸಿಕೊಟ್ಟ ಬೆಲ್ಲದ ಅಂಬಲಿಯನ್ನು ಚೆಲ್ಲುವ ಮುಂಚೆ ಬೆರಳದ್ದಿ ನೆಕ್ಕಿದೆ. ನಾಲಿಗೆಯ ತುದಿ ಜುಮ್ಮೆಂದಿತು. ಸಿಹಿ, ಹುಳಿ, ಆಮೇಲೆ ಜೋಳದ ಮಣ್ಣಿನಂಥ ವಾಸನೆ. ಹುದುಗು ಹೆಚ್ಚಾಗಿ ಅಮಲಿನ ವಾಸನೆಯೂ ಹೊಡೆಯುತ್ತಿತ್ತು, ಅದಕ್ಕೇ ಚೆಲ್ಲಿದೆ. ಆದರೆ ಆ ಜುಮ್ಮೆನ್ನುವುದು ಮನಸ್ಸಿನಲ್ಲಿ ಉಳಿಯಿತು. ಈಗ ಯಾವಾಗಲಾದರೂ ಸಣ್ಣ ಸೋಡಾ ಬಾಟಲಿಯಲ್ಲಿ ಮಜ್ಜಿಗೆ ಕೂಡಿಸಿದ ಅಂಬಲಿಗೆ ಒಂದೇ ಚಿಟಿಕೆ ಬೆಲ್ಲ ಹಾಕಿ, ಒಂದು ಮಧ್ಯಾಹ್ನ ಹೊರಗಿಟ್ಟು, ಬೆರಳಿಗೆ ಬಿರುಸು ಹತ್ತಿದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತೇನೆ. ತಂಪಿನಲ್ಲಿ ಹುದುಗು ನಿಧಾನವಾಗುತ್ತದೆ. ಸಂಜೆ ಅತ್ತೆಗೂ ಕಾಕಾಗೂ ಅರ್ಧರ್ಧ ಲೋಟ.

ಬಾಟಲಿ ತೆಗೆಯುವ ಮುಂಚೆ ಅತ್ತೆ ಕೈ ಚಾಚಿ ಇಸಿದುಕೊಳ್ಳುತ್ತಾರೆ. ಎರಡೂ ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿ, “ಹಾಂ, ಈಗ ತಗಿ” ಅನ್ನುತ್ತಾರೆ.