ದನದ ನೋವಿನ ಸೂಜಿಯೂ ಕಾಣದಾದ ರಣಹದ್ದುಗಳೂ



ನಮ್ಮ ತಾಳವಾಡಿ ಸೀಮೆಯಲ್ಲಿ ನಲವತ್ತು ದಾಟಿದವರಿಗೆ ಒಂದು ನೋಟ ನೆನಪಿರಬೇಕು. ಊರಲ್ಲಿ ದನ ಸತ್ತರೆ ಅದನ್ನು ಊರಾಚೆಯ ಹಳ್ಳಕ್ಕೆ ಎಳೆದು ಹಾಕುತ್ತಿದ್ದರು. ಮೊದಲು ಆಕಾಶದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು. ನೋಡುನೋಡುತ್ತಿದ್ದಂತೆ ಐದು, ಹತ್ತು, ಇಪ್ಪತ್ತು. ರೆಕ್ಕೆ ಬಡಿಯದೆ ಸುತ್ತುತ್ತ ಇಳಿದ ರಣಹದ್ದುಗಳು ಒಂದು ಗಂಟೆಯೊಳಗೆ ಮೂಳೆಯನ್ನಷ್ಟೇ ಉಳಿಸಿ ಹೋಗುತ್ತಿದ್ದವು. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆ ತಪ್ಪಿಸಿ ಇದನ್ನು ನೋಡಲು ಹೋಗಿ ಮೇಷ್ಟರ ಕೈಯಲ್ಲಿ ಏಟು ತಿಂದದ್ದುಂಟು. ಈಗ ನಾವೇ ಮೇಷ್ಟರು. ಕಳೆದ ವರ್ಷ ತರಗತಿಯಲ್ಲಿ ಜಟಾಯುವಿನ ಕಥೆ ಹೇಳುತ್ತ, "ಜಟಾಯು ಎಂಥ ಹಕ್ಕಿ?" ಎಂದು ಕೇಳಿದೆವು. ಒಬ್ಬ ಗರುಡ ಎಂದ. ಒಬ್ಬಳು ದೊಡ್ಡ ಕಾಗೆ ಎಂದಳು. ರಣಹದ್ದನ್ನು ಕಣ್ಣಾರೆ ಕಂಡವನು ಇಡೀ ತರಗತಿಯಲ್ಲಿ ಒಬ್ಬನೇ. ಅವನ ತಂದೆ ಕಾಡಂಚಿನಲ್ಲಿ ಆಡು ಮೇಯಿಸುವವರು.

ಈ ಹಕ್ಕಿಗಳು ಎಲ್ಲಿ ಹೋದವು, ಏತಕ್ಕೆ ಹೋದವು, ಹೋದುದರಿಂದ ಮನುಷ್ಯರಿಗೆ ಏನಾಯಿತು ಎಂಬುದನ್ನು ಕಳೆದ ಇಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ಅದರಲ್ಲಿ ಕೊನೆಯ ಪಾಠ 2024ರಲ್ಲಿ ಹೊರಬಂದದ್ದು. ದನ ಕಟ್ಟಿಕೊಂಡಿರುವ ನಮಗೆ ಇದು ದೂರದ ಸುದ್ದಿಯಲ್ಲ, ಕೊಟ್ಟಿಗೆಯ ಸುದ್ದಿ.

1990ರ ದಶಕದ ನಡುವಿನಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಎಂಬ ವಿಜ್ಞಾನಿಯವರು ಒಂದು ವಿಚಿತ್ರವನ್ನು ಗಮನಿಸಿದರು. ರಣಹದ್ದುಗಳು ಕತ್ತು ಜೋತುಹಾಕಿಕೊಂಡು ಕೊಂಬೆಯ ಮೇಲೆ ಕುಳಿತಿರುವುದು, ಕೆಲವು ದಿನಗಳಲ್ಲಿ ಮರದಿಂದ ಬಿದ್ದು ಸಾಯುವುದು. ಮೊದಲು ಕೋಟಿಗಟ್ಟಲೆ ಇದ್ದವೆಂದು ಹೇಳುತ್ತಿದ್ದ ಹಕ್ಕಿ ಇದು. 2007ರ ಎಣಿಕೆಯ ಹೊತ್ತಿಗೆ ಬೆನ್ನು ಬಿಳಿಯಾದ ರಣಹದ್ದು 1992ರಲ್ಲಿ ಸಾವಿರ ಇದ್ದ ಕಡೆ ಒಂದು ಉಳಿದಿತ್ತು. ಉದ್ದ ಕೊಕ್ಕಿನ ಜಾತಿಗಳು ನೂರಕ್ಕೆ ಮೂರರಷ್ಟು ಉಳಿದಿದ್ದವು.

ಕಾರಣವೇನು? ಕೆಲವರು ಹೊಸ ಸಾಂಕ್ರಾಮಿಕ ರೋಗವೆಂದರು, ಕೆಲವರು ಹೊಲಕ್ಕೆ ಹೊಡೆಯುವ ಕೀಟನಾಶಕವೆಂದರು. ನಮ್ಮೂರಲ್ಲಿ ಮೊಬೈಲ್ ಗೋಪುರವೆಂದು ಹೇಳುವವರು ಈಗಲೂ ಇದ್ದಾರೆ; ಗೋಪುರ ಬರುವ ಮೊದಲೇ ಹದ್ದು ಹೋಗಿತ್ತೆಂಬುದನ್ನು ಅವರು ಮರೆತಿದ್ದಾರೆ. ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರು. ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪುಡಿ ಕೂತಿತ್ತು. ಇದನ್ನು ಅರಿಯಲು ಒಂದು ಸಣ್ಣ ಸಂಗತಿ ತಿಳಿದಿರಬೇಕು. ಕೋಳಿಯ ಹಿಕ್ಕೆಯಲ್ಲಿ ಬಿಳಿಯ ಭಾಗವೊಂದಿರುತ್ತದಷ್ಟೆ. ಅದೇ ಹಕ್ಕಿಯ ಮೂತ್ರ. ಹಕ್ಕಿಯ ಮೂತ್ರಪಿಂಡ ಈ ಬಿಳಿಯ ಯೂರಿಕ್ ಆಮ್ಲವನ್ನು ಹೊರಹಾಕುತ್ತಿರಬೇಕು. ಮೂತ್ರಪಿಂಡ ಕೆಟ್ಟರೆ ಅದು ರಕ್ತದಲ್ಲಿ ತುಂಬಿ, ಹೃದಯದ ಮೇಲೆ, ಯಕೃತ್ತಿನ ಮೇಲೆ ಹರಳಾಗಿ ಕೂರುತ್ತದೆ. ಅಂದರೆ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು.

ರೋಗಾಣು ಹುಡುಕಿದರು, ಇಲ್ಲ. ಕೀಟನಾಶಕ, ಸೀಸ ಮೊದಲಾದವನ್ನು ಹುಡುಕಿದರು, ಅದೂ ಅಲ್ಲ. ಆಗ ಅವರಿಗೆ ಸರಿಯಾದ ಪ್ರಶ್ನೆ ಹೊಳೆಯಿತು. ಹದ್ದು ತಿನ್ನುವುದು ಸತ್ತ ದನವನ್ನು. ಹಾಗಾದರೆ ಸಾಯುವ ದನಕ್ಕೆ ನಾವು ಏನು ಕೊಡುತ್ತಿದ್ದೇವೆ? ಔಷಧದ ಅಂಗಡಿಗಳನ್ನೂ ಪಶುವೈದ್ಯರನ್ನೂ ವಿಚಾರಿಸಿದಾಗ, ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲ ಔಷಧಗಳಲ್ಲಿ ಒಂದು ಮಾತ್ರ ಎಲ್ಲೆಡೆಯೂ ಮಾರಾಟವಾಗುತ್ತಿತ್ತು: ಡೈಕ್ಲೊಫಿನಾಕ್ ಎಂಬ ನೋವು-ಬಾವಿನ ಸೂಜಿಮದ್ದು. ಮನುಷ್ಯರ ಈ ಔಷಧ 1990ರ ದಶಕದಲ್ಲಿ ಅಗ್ಗವಾಗಿ ದನಗಳಿಗೂ ಬಂದಿತ್ತು. ಪರೀಕ್ಷಿಸಿದರು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳಲ್ಲಿ 25ರಲ್ಲಿಯೂ ಡೈಕ್ಲೊಫಿನಾಕ್ ಇತ್ತು. ಬೇರೆ ಕಾರಣಗಳಿಂದ ಸತ್ತ 13ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಔಷಧ ಕೊಟ್ಟ ಎಮ್ಮೆ, ಆಡುಗಳ ಮಾಂಸ ತಿನ್ನಿಸಿದಾಗ ಹದ್ದುಗಳು ಅದೇ ರೀತಿ ಸತ್ತವು. 2004ರಲ್ಲಿ ಇದು ಪ್ರಕಟವಾಯಿತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಮಗೆ ಇದಕ್ಕಿಂತ ಚೊಕ್ಕವಾದ ಪಾಠ ಇನ್ನೊಂದು ಕಾಣದು.

ಇಲ್ಲಿ ವಾಚಕರು ಕೇಳಬಹುದು: ಸಾಯುವ ದನಕ್ಕೆಲ್ಲ ಸೂಜಿ ಹಾಕಿಸುತ್ತೇವೆಯೇ? ನೂರರಲ್ಲಿ ಯಾವುದೋ ಒಂದೆರಡಕ್ಕೆ. ಅಷ್ಟರಿಂದ ಒಂದು ಕುಲವೇ ಹೋಗುವುದುಂಟೆ? ನಾವು ಇದನ್ನು ಏಳನೆಯ ತರಗತಿಯವರಿಗೆ ಲೆಕ್ಕವಾಗಿ ಕೊಟ್ಟೆವು. ಒಂದು ಹದ್ದು ಮೂರು ದಿನಕ್ಕೊಮ್ಮೆ ಉಣ್ಣುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 120 ಊಟ. ಇನ್ನೂರು ಹೆಣಗಳಲ್ಲಿ ಒಂದೇ ಒಂದು ವಿಷದ್ದು ಎಂದಿಟ್ಟುಕೊಳ್ಳೋಣ. ಪ್ರತಿ ಊಟದಲ್ಲಿಯೂ ಸ್ವಲ್ಪ ಸ್ವಲ್ಪ ಕಳೆಯುತ್ತ ಹೋದರೆ, ನೂರು ಹದ್ದುಗಳಲ್ಲಿ ವರ್ಷದ ಕೊನೆಗೆ ಉಳಿಯುವುದು 55. ಎರಡನೆಯ ವರ್ಷಕ್ಕೆ 30. ಐದನೆಯ ವರ್ಷಕ್ಕೆ 5. ಹುಟ್ಟುವುದು ಎಷ್ಟು? ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡುವ ಹೊತ್ತಿಗೆ ಐದು ವರ್ಷವಾದರೂ ಬೇಕು. ಇದು ಕರಿಹಲಗೆಯ ಲೆಕ್ಕ. ಆದರೆ ಪಂಡಿತರು 2004ರಲ್ಲಿ ಮಾಡಿದ ನಿಜವಾದ ಲೆಕ್ಕವೂ ಇದನ್ನೇ ಹೇಳಿತು: ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಔಷಧವಿದ್ದರೂ ಈ ಪ್ರಮಾಣದ ನಾಶಕ್ಕೆ ಸಾಕು. ಆಗ ಭಾರತದಲ್ಲಿ ಹೆಣಗಳನ್ನು ಪರೀಕ್ಷಿಸಿ ನೋಡಿದರೆ ಸಿಕ್ಕಿದ್ದು ನೂರಕ್ಕೆ ಸುಮಾರು ಹತ್ತು.

"ಹದ್ದು ಹೋದ್ರ ನಮಗ್ಯಾನ ಮೇಷ್ಟ್ರೇ?" ಎಂದು ನಮ್ಮ ಪಕ್ಕದ ಹೊಲದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವೇ 2024ರ ಸಂಶೋಧನೆ. ಷಿಕಾಗೊ ವಿಶ್ವವಿದ್ಯಾನಿಲಯದ ಇಯಾಲ್ ಫ್ರಾಂಕ್ ಮತ್ತು ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾನಿಲಯದ ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಭಾರತದ ಜಿಲ್ಲೆಗಳ ಸಾವಿನ ಲೆಕ್ಕಗಳನ್ನು ತೆಗೆದರು. ಅವರ ಉಪಾಯ ರೈತನಿಗೆ ಹೊಸದಲ್ಲ. ಗೊಬ್ಬರದ ಗುಣ ನೋಡಬೇಕಾದರೆ ಒಂದೇ ತರದ ಎರಡು ಮಡಿಗಳಲ್ಲಿ ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಹಾಕದೆ ನೋಡುತ್ತೇವಷ್ಟೆ. ಅವರು ರಣಹದ್ದುಗಳ ವಾಸಕ್ಕೆ ಹೇಳಿ ಮಾಡಿಸಿದಂತಿದ್ದ ಜಿಲ್ಲೆಗಳನ್ನು ಒಂದು ಮಡಿ ಮಾಡಿದರು. ಹದ್ದು ಮೊದಲಿಂದಲೂ ಅಷ್ಟಾಗಿ ಇಲ್ಲದ ಜಿಲ್ಲೆಗಳನ್ನು ಇನ್ನೊಂದು. ದನಗಳಿಗೆ ಈ ಔಷಧ ಬರುವ ಮೊದಲು ಎರಡೂ ಕಡೆ ಮನುಷ್ಯರ ಸಾವು ಒಂದೇ ತೆರನಾಗಿ ನಡೆದಿತ್ತು. ಬಂದ ಮೇಲೆ ಹದ್ದು ಇದ್ದು ಹೋದ ಜಿಲ್ಲೆಗಳಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಏರಿತು. 2000ದಿಂದ 2005ರವರೆಗೆ ಹೀಗೆ ಹೆಚ್ಚಾಗಿ ಸತ್ತವರು ಸುಮಾರು 5 ಲಕ್ಷ ಎಂದು ಅವರ ಅಂದಾಜು.

ಈ 5 ಲಕ್ಷವೆಂಬುದು ಒಬ್ಬೊಬ್ಬರನ್ನು ಹೆಸರು ಹಿಡಿದು ಎಣಿಸಿ ಬಂದ ಸಂಖ್ಯೆಯಲ್ಲ, ಹೋಲಿಕೆಯ ಲೆಕ್ಕದಿಂದ ಬಂದದ್ದೆಂಬುದನ್ನು ನೆನಪಿಡತಕ್ಕದ್ದು. ಆದರೆ ನಡುವಿನ ಕೊಂಡಿಗಳನ್ನೂ ಅವರು ತೋರಿಸಿದ್ದಾರೆ. ಹದ್ದು ತಿನ್ನದೆ ಬಿಟ್ಟ ಹೆಣವನ್ನು ನಾಯಿಗಳು ತಿಂದವು, ಬೀದಿನಾಯಿ ಹೆಚ್ಚಿತು, ಹುಚ್ಚುನಾಯಿ ಕಡಿತದ ಲಸಿಕೆಯ ಮಾರಾಟ ಏರಿತು. ಉಳಿದದ್ದು ಕೊಳೆತು ನೀರಿಗೆ ಸೇರಿತು. ಅಂಥ ಜಿಲ್ಲೆಗಳ ಹೊಳೆಯ ನೀರು ಕೆಟ್ಟದ್ದು ಪರೀಕ್ಷೆಯಲ್ಲಿ ಕಂಡಿತು. ಜಾನುವಾರು ಹೆಚ್ಚಾಗಿರುವ ಪಟ್ಟಣಗಳ ಕಡೆ ಕೇಡು ಎಲ್ಲಕ್ಕಿಂತ ಹೆಚ್ಚಾಗಿತ್ತು. ಇದಕ್ಕೂ ಮೊದಲು 2008ರಲ್ಲಿ ಬೇರೆ ವಿದ್ವಾಂಸರು ನಾಯಿಗಳ ಲೆಕ್ಕವನ್ನೇ ಹಿಡಿದು, 1992ರಿಂದ 2006ರವರೆಗೆ ಹುಚ್ಚುನಾಯಿ ರೋಗದಿಂದ 47 ಸಾವಿರಕ್ಕೂ ಹೆಚ್ಚು ಜನ ಹೆಚ್ಚಾಗಿ ಸತ್ತಿರಬೇಕೆಂದು ಅಂದಾಜು ಮಾಡಿದ್ದರು. ಪಕ್ಕದ ಹೊಲದವರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಅಣ್ಣನ ಮಗಳನ್ನು ನಾಯಿ ಕಚ್ಚಿ, ಘಟ್ಟ ಇಳಿದು ಲಸಿಕೆಗೆ ಓಡಾಡಿದ್ದು ನೆನಪಾಗಿರಬೇಕು. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಕಾಲು ಗಂಟೆ ತೊಳೆದು, ಅದೇ ದಿನ ಲಸಿಕೆ ಆರಂಭಿಸಿ, ಹೇಳಿದಷ್ಟು ಸೂಜಿಯನ್ನೂ ಮುಗಿಸಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಇನ್ನು ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. 2012ರಲ್ಲಿ ನಮ್ಮ ಒಂದು ಹಸುವಿಗೆ ಕೆಚ್ಚಲು ಬಾವು ಬಂದು, ಮೇವು ಬಿಟ್ಟು, ನೋವಿನಿಂದ ನಡುಗುತ್ತಿತ್ತು. ಭಾನುವಾರ, ವೈದ್ಯರು ಸಿಗಲಿಲ್ಲ. ಸಂತೆಯೂರಿನ ಅಂಗಡಿಯೊಂದರಲ್ಲಿ ಕೇಳಿದಾಗ ಮನುಷ್ಯರಿಗೆ ಹಾಕುವ ದೊಡ್ಡ ಬಾಟಲಿಯನ್ನು ಕೊಟ್ಟರು, ಅಗ್ಗವೂ ಆಗಿತ್ತು. ಹಾಕಿಸಿದೆವು. ಹಸು ಮಾರನೆಯ ದಿನ ಎದ್ದಿತು, ಮೂರನೆಯ ದಿನ ಸತ್ತಿತು. ಹಳ್ಳಕ್ಕೆ ಎಳೆಸಿದೆವು. ಬಾಟಲಿಯ ಮೇಲೆ ಡೈಕ್ಲೊಫಿನಾಕ್ ಎಂದಿತ್ತೆಂಬುದನ್ನು ನಾವು ಓದಿದ್ದು ಬಹಳ ದಿನಗಳ ಮೇಲೆ, ಹಟ್ಟಿಯ ಮಾಡದಲ್ಲಿ ಅದು ಮತ್ತೆ ಕೈಗೆ ಸಿಕ್ಕಾಗ. ಆ ಹೆಣವನ್ನು ಯಾವುದು ತಿಂದಿತೋ ನಾವು ಹೋಗಿ ನೋಡಿರಲಿಲ್ಲ. ದನಗಳಿಗೆ ಈ ಔಷಧ ಕೊಡಬಾರದೆಂದು ಸರಕಾರ 2006ರಲ್ಲಿಯೇ ತಡೆದಿತ್ತು. ಪಾಠ ಹೇಳುವ ನಮಗೇ ಅದು ಗೊತ್ತಿರಲಿಲ್ಲ. ಮನುಷ್ಯರ ದೊಡ್ಡ ಬಾಟಲಿಗಳು ಹೀಗೆ ಕೊಟ್ಟಿಗೆ ಸೇರುವುದನ್ನು ಕಂಡು 2015ರಲ್ಲಿ ಅವನ್ನೂ ನಿಲ್ಲಿಸಿ, ಒಂದು ಸಲಕ್ಕೆ ಸಾಕಾಗುವ 3 ಮಿಲಿ ಲೀಟರಿನ ಚಿಕ್ಕದನ್ನು ಮಾತ್ರ ಉಳಿಸಿದರು. ಕಂಪನಿಗಳ ಕಡೆಯಿಂದ ಅದನ್ನು ಪ್ರಶ್ನಿಸಿದ ವ್ಯಾಜ್ಯವನ್ನು 2017ರಲ್ಲಿ ಮದ್ರಾಸ್ ಹೈಕೋರ್ಟು ತಳ್ಳಿಹಾಕಿತು.

ಡೈಕ್ಲೊಫಿನಾಕ್ ಒಂದೇ ಅಲ್ಲ. ಅಸಿಕ್ಲೊಫಿನಾಕ್ ಎಂಬುದು ದನದ ಮೈಯೊಳಗೆ ಹೋಗಿ ಡೈಕ್ಲೊಫಿನಾಕೇ ಆಗುತ್ತದೆ. ಅದನ್ನೂ ಕೀಟೊಪ್ರೊಫೆನ್ನನ್ನೂ 2023ರಲ್ಲಿ, ನಿಮೆಸುಲೈಡನ್ನು 2024ರ ಕೊನೆಗೆ ದನಗಳಿಗೆ ನಿಷೇಧಿಸಿದರು. ಫ್ಲುನಿಕ್ಸಿನ್ ಕೂಡ ಹದ್ದಿಗೆ ಕೆಟ್ಟದ್ದು. ಹಾಗಾದರೆ ನೋವಿನಿಂದ ನರಳುವ ದನವನ್ನು ನೋಡುತ್ತ ಕೂರಬೇಕೆ? ಬೇಡ. ಮೆಲಾಕ್ಸಿಕಾಮ್ ಎಂಬ ಔಷಧವನ್ನು ಹದ್ದುಗಳ ಮೇಲೆ ಪರೀಕ್ಷಿಸಿ, ಅವಕ್ಕೆ ಹಾನಿಯಿಲ್ಲವೆಂದು 2006ರಲ್ಲಿ ತೋರಿಸಿದ್ದಾರೆ. ದನದ ನೋವಿಗೆ, ಜ್ವರಕ್ಕೆ, ಬಾವಿಗೆ ಅದು ಒಳ್ಳೆಯ ಮದ್ದು. ಟೊಲ್ಫೆನಾಮಿಕ್ ಆಮ್ಲವೆಂಬ ಇನ್ನೊಂದೂ ಪರೀಕ್ಷೆಯಲ್ಲಿ ಗೆದ್ದಿದೆ.

ಗಡಿಯ ಈಚೆ ಇರುವ ನಮ್ಮದು ಒಂದು ವಿಶೇಷ ಕಷ್ಟ. ವೈದ್ಯರ ಮಾತು ತಮಿಳು, ಬಾಟಲಿಯ ಅಕ್ಷರ ಇಂಗ್ಲಿಷು, ಹಸು ಕರೆಯುವ ಅಜ್ಜಿಯದು ಕನ್ನಡ. ಕಾಸರಗೋಡಿನವರಿಗೆ ತಮಿಳಿನ ಬದಲು ಮಲಯಾಳ, ಅಕ್ಕಲಕೋಟೆಯವರಿಗೆ ಮರಾಠಿ. ಆದುದರಿಂದಲೇ ಮೇಲಿನ ಹೆಸರುಗಳನ್ನು ಕನ್ನಡದ ಅಕ್ಷರಗಳಲ್ಲಿ ಬರೆದಿದ್ದೇವೆ. ಈ ಭಾಗವನ್ನು ಕತ್ತರಿಸಿ ಕೊಟ್ಟಿಗೆಯ ಕಂಬಕ್ಕೆ ಅಂಟಿಸಬಹುದು. ವೈದ್ಯರು ಬಂದಾಗ "ಮೆಲಾಕ್ಸಿಕಾಮ್ ಹಾಕಿ ಸ್ವಾಮಿ" ಎಂದರೆ ಯಾವ ಭಾಷೆಯವರಿಗೂ ತಿಳಿಯುತ್ತದೆ. ಅಂಗಡಿಯಿಂದ ತಂದು ನಾವೇ ಚುಚ್ಚುವುದನ್ನು ಬಿಡಬೇಕು. 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸರಕಾರದ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಬಹುದು.

ಸೂಜಿ ಹಾಕಿಸಿದ ಎರಡು ಮೂರು ದಿನಗಳಲ್ಲಿ ದನ ಸತ್ತರೆ, ಹಾಕಿದ್ದು ಯಾವ ಮದ್ದೆಂದು ತಿಳಿಯದಿದ್ದರೆ, ಹೆಣವನ್ನು ಬಯಲಿಗೆ ಹಾಕದೆ ಆಳವಾಗಿ ಹೂಳಿರಿ. ಔಷಧದ ಅಂಶ ಮಾಂಸದಲ್ಲಿ ಉಳಿಯುವುದು ಆ ದಿನಗಳಲ್ಲಿಯೇ. ನೆರಡಿ ರೋಗದ ಗುಮಾನಿ ಇದ್ದರೆ, ಅಂದರೆ ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬಂದಿದ್ದರೆ, ಯಾವ ಕಾರಣಕ್ಕೂ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಗಾಳಿ ತಾಗಿದರೆ ಆ ರೋಗದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ, ಸುಣ್ಣ ಹಾಕಿ ಆಳದ ಗುಂಡಿಯಲ್ಲಿ ಹೂಳಬೇಕು. ಹಸು ಹಿಡಿದ ಹುಲಿ ಚಿರತೆಗಳ ಮೇಲಿನ ಸಿಟ್ಟಿಗೆ ಹೆಣಕ್ಕೆ ಕೀಟನಾಶಕ ಸುರಿಯುವ ದುಷ್ಟ ಬುದ್ಧಿಯೂ ಕೆಲವೆಡೆ ಉಂಟು. ಅದನ್ನು ತಿಂದ ಹದ್ದುಗಳು ಹಿಂಡಿಗೆ ಹಿಂಡೇ ಸಾಯುತ್ತವೆ.

ಉಳಿದಿರುವ ಹದ್ದುಗಳು ನಮ್ಮಿಂದ ದೂರವೇನಿಲ್ಲ. ದಿಂಬಂ ಘಟ್ಟದ ಕೆಳಗೆ ಮೋಯಾರ್ ಹೊಳೆಯ ಕಣಿವೆಯಲ್ಲಿ, ಹೊಳೆಮತ್ತಿಯ ಎತ್ತರದ ಮರಗಳ ಮೇಲೆ ಅವು ಈಗಲೂ ಗೂಡು ಕಟ್ಟುತ್ತವೆ. ಮುದುಮಲೆ, ಬಂಡೀಪುರ, ವಯನಾಡು, ಸತ್ಯಮಂಗಲ, ಈ ಕಾಡುಗಳಲ್ಲಿ ಹುಲಿ ಕೊಂದು ಬಿಟ್ಟ ಜಿಂಕೆ ಕಡವೆಗಳು ಸಿಗುವುದರಿಂದ ಅವು ಉಳಿದುಕೊಂಡವು. ರಾಮನಗರದ ಬೆಟ್ಟದಲ್ಲಿ ಉದ್ದ ಕೊಕ್ಕಿನವು ಕೆಲವು ಇರುವುದರಿಂದ 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಸಾರಿದರು. ತಮಿಳುನಾಡು, ಕೇರಳ, ಕರ್ನಾಟಕ ಮೂರೂ ರಾಜ್ಯಗಳವರು ಒಟ್ಟಾಗಿ 2023ರ ಫೆಬ್ರವರಿಯಲ್ಲಿ ಎಣಿಸಿದಾಗ 246 ಸಿಕ್ಕವು, ಅದೇ ವರ್ಷದ ಡಿಸೆಂಬರಿನಲ್ಲಿ 320. ಹತ್ತು ತಿಂಗಳಲ್ಲಿ ಅಷ್ಟು ಮರಿಯಾದವೆಂದು ತಿಳಿಯಬಾರದು. ಋತು ಬೇರೆಯಾದರೆ, ನೋಡುವ ಕಣ್ಣು ಹೆಚ್ಚಾದರೆ ಲೆಕ್ಕವೂ ಹೆಚ್ಚುತ್ತದೆ. ಹದ್ದಿಗೆ ರಾಜ್ಯದ ಗಡಿಯಿಲ್ಲ. ಬೆಳಿಗ್ಗೆ ಒಂದು ರಾಜ್ಯದಲ್ಲಿ ಎದ್ದು ಮಧ್ಯಾಹ್ನ ಇನ್ನೊಂದರಲ್ಲಿ ಉಣ್ಣುವ ಹಕ್ಕಿ, ಎಲ್ಲಿಯ ಕೊಟ್ಟಿಗೆಯ ದನವನ್ನೂ ತಿಂದೀತು.

ಆಡು ಮೇಯಿಸುವವರ ಆ ಹುಡುಗ ಮೊನ್ನೆ ಬಂದು, ಆರು ಹದ್ದು ಸುತ್ತುವುದನ್ನು ಕಂಡೆನೆಂದ. ಗರುಡವಿರಬಹುದೆಂದೆವು. "ಇಲ್ಲ ಸಾರ್, ಕತ್ತಿನಲ್ಲಿ ಪುಕ್ಕವಿರಲಿಲ್ಲ" ಎಂದ. ಸರಿಯಾದ ಗುರುತನ್ನೇ ಹೇಳಿದ.